ಮೊದಲು ನೀರಿನ ಪರೀಕ್ಷೆ, ಆಮೇಲೆ ಫಿಲ್ಟರ್



ದತ್ತಿ ಉಪನ್ಯಾಸಕ್ಕೆ ಶರಣ ಸಾಹಿತ್ಯವನ್ನೋ ಇತಿಹಾಸವನ್ನೋ ಜಾನಪದವನ್ನೋ ಆರಿಸಿಕೊಳ್ಳುವುದು ವಾಡಿಕೆ. ಇಂದಿನ ವಿಷಯ ಅಡುಗೆಮನೆಯದು. ಮನೆಗೆ ನೀರಿನ ಫಿಲ್ಟರ್ ಬೇಕೇ, ಬೇಕಾದರೆ ಎಂಥದ್ದು? ಗದಗ-ಬೆಟಗೇರಿ, ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿ ಸೀಮೆಯಲ್ಲಿ ಈ ಪ್ರಶ್ನೆ ಕೇಳದ ಮನೆ ಈಗ ಅಪರೂಪ. ಕಂತಿನ ಮೇಲೆ ಆರ್‌ಒ ಯಂತ್ರ ಕೊಂಡವರಿದ್ದಾರೆ, ಊರಿನ ಶುದ್ಧ ನೀರಿನ ಘಟಕದಿಂದ ಕ್ಯಾನ್ ತುಂಬಿಸಿ ಬೈಕಿನ ಮೇಲೆ ತರುವವರಿದ್ದಾರೆ, ಬೋರಿನ ನೀರನ್ನೇ ಸೋಸಿ ಕುಡಿಯುವವರೂ ಇದ್ದಾರೆ. ಮೂವರೂ ತಮ್ಮ ನೀರು ಶುದ್ಧವೆಂದೇ ನಂಬಿದ್ದಾರೆ. ಆದರೆ ಆ ನೀರಿನಲ್ಲಿ ಏನಿದೆ ಎಂಬ ಚೀಟಿ ಮೂವರಲ್ಲಿ ಯಾರ ಕೈಯಲ್ಲೂ ಸಾಮಾನ್ಯವಾಗಿ ಇರುವುದಿಲ್ಲ. ನಾನು ಮುಂದಿಡುವ ವಾದ ಒಂದೇ: ಫಿಲ್ಟರನ್ನು ಆರಿಸಬೇಕಾದದ್ದು ನಮ್ಮ ನೀರಿನ ದೋಷವನ್ನು ನೋಡಿ. ಬೆಲೆ, ಜಾಹೀರಾತು, ಪಕ್ಕದ ಮನೆಯ ಗೋಡೆಯ ಮೇಲಿರುವ ಯಂತ್ರ, ಇವು ಯಾವುವೂ ಅದಕ್ಕೆ ಆಧಾರವಾಗಬಾರದು. ರೋಗ ತಿಳಿಯದೆ ಔಷಧ ಕೊಂಡರೆ ಹಣವೂ ಹೋಗುತ್ತದೆ, ರೋಗವೂ ಉಳಿಯುತ್ತದೆ.

ನಮ್ಮ ಸೀಮೆಯ ನೀರಿನಲ್ಲಿ ಮುಖ್ಯವಾಗಿ ಎರಡು ಬಗೆ. ಒಂದು, ತುಂಗಭದ್ರೆಯಿಂದ ಎತ್ತಿ ಕೊಳವೆಯಲ್ಲಿ ಹರಿಸುವ ಹೊಳೆಯ ನೀರು. ಗದಗ-ಬೆಟಗೇರಿಯಂಥ ಪಟ್ಟಣಗಳ ನಳಕ್ಕೂ, ಜನರ ಬಾಯಲ್ಲಿ ಡಿಬಿಒಟಿ ಎಂದೇ ಹೆಸರಾಗಿರುವ ಬಹುಗ್ರಾಮ ಯೋಜನೆಯ ಹಳ್ಳಿಗಳಿಗೂ ಬರುವುದು ಇದು. ಎರಡನೆಯದು, ನೆಲದಾಳದ ಬೋರಿನ ನೀರು. ಹೊಳೆಯ ನೀರಿನಲ್ಲಿ ಕರಗಿದ ಲವಣ ಕಡಿಮೆ, ಆದರೆ ರಾಡಿ ಮತ್ತು ರೋಗಾಣುಗಳ ಭಯ ಹೆಚ್ಚು. ಮಳೆಗಾಲದಲ್ಲಿ ಅದು ಕೆಂಪಾಗುತ್ತದೆ, ಪೈಪು ಒಡೆದರೆ ಗಟಾರದ ನೀರು ಸೇರುತ್ತದೆ. ನಳ ದಿನಗಟ್ಟಲೆ ಬಾರದಿದ್ದಾಗ ಅದೇ ನೀರು ಬ್ಯಾರಲ್ಲಿನಲ್ಲಿ, ಹಂಡೆಯಲ್ಲಿ ನಿಂತು ಕೆಡುತ್ತದೆ. ಬೋರಿನ ನೀರು ನೋಡಲು ತಿಳಿಯಾಗಿರುತ್ತದೆ, ರೋಗಾಣುಗಳೂ ಸಾಮಾನ್ಯವಾಗಿ ಕಡಿಮೆ. ಅದರ ದೋಷ ಕಲ್ಲಿನಿಂದ ಬಂದದ್ದು. ಗ್ರಾನೈಟ್ ಮತ್ತು ನೈಸ್ ಶಿಲೆಗಳಲ್ಲಿರುವ ಅಪಟೈಟ್, ಬಯೋಟೈಟ್‌ನಂಥ ಖನಿಜಗಳಿಂದ ಫ್ಲೋರೈಡ್ ನೀರಿಗಿಳಿಯುತ್ತದೆ. ನೀರಿನಲ್ಲಿ ಬೈಕಾರ್ಬೊನೇಟ್ ಹೆಚ್ಚಿದ್ದು ಕ್ಯಾಲ್ಸಿಯಂ ಕಡಿಮೆಯಿದ್ದರೆ ಇನ್ನಷ್ಟು ಇಳಿಯುತ್ತದೆ. ನೀರು ಕಲ್ಲಿನೊಂದಿಗೆ ಎಷ್ಟು ಕಾಲ ಕಳೆಯಿತೋ ಅಷ್ಟು ಹೆಚ್ಚು. ಕರ್ನಾಟಕದ ಫ್ಲೋರೈಡ್ ಅಧ್ಯಯನಗಳಲ್ಲಿ ಗದಗ ಜಿಲ್ಲೆಯ, ಅದರಲ್ಲೂ ಮುಂಡರಗಿ ತಾಲ್ಲೂಕಿನ ಹೆಸರು ಮತ್ತೆ ಮತ್ತೆ ಬರುವುದು ಇದೇ ಕಾರಣಕ್ಕೆ. ಹಾಗೆಂದು ಇಲ್ಲಿಯ ಪ್ರತಿಯೊಂದು ಬೋರೂ ಕೆಟ್ಟದ್ದೆನ್ನುವಂತಿಲ್ಲ. ಕಪ್ಪತಗುಡ್ಡದ ಸೆರಗಿನ ಈ ನೆಲದಲ್ಲಿ ಶಿಲೆ ಹೆಜ್ಜೆ ಹೆಜ್ಜೆಗೂ ಬದಲಾಗುತ್ತದೆ. ಒಂದೇ ಊರಿನ ಎರಡು ಬೋರುಗಳ ನೀರು ಒಂದೇ ಆಗಿರಬೇಕಿಲ್ಲ.

ಇಲ್ಲಿ ಒಂದು ಆಕ್ಷೇಪ ಏಳುತ್ತದೆ: ನಮ್ಮ ಅಜ್ಜ, ಮುತ್ತಜ್ಜ ಇದೇ ಊರಿನ ನೀರು ಕುಡಿದು ಗಟ್ಟಿಮುಟ್ಟಾಗಿ ಬಾಳಲಿಲ್ಲವೇ? ಅವರು ಇದೇ ಊರಿನ ನೀರನ್ನು ಕುಡಿದದ್ದು ನಿಜ, ಆದರೆ ಇದೇ ಆಳದ ನೀರನ್ನು ಕುಡಿದಿರಲಿಲ್ಲ. ಡಂಬಳದ ಕೆರೆ, ಮಾಗಡಿಯ ಕೆರೆ, ಲಕ್ಕುಂಡಿಯ ಮೆಟ್ಟಿಲು ಬಾವಿಗಳು, ಹಳ್ಳದ ಒರತೆ, ಊರೂರಿನ ಸಿಹಿನೀರಿನ ಬಾವಿ, ಇವುಗಳಲ್ಲಿದ್ದದ್ದು ಅದೇ ವರ್ಷದ, ಹೆಚ್ಚೆಂದರೆ ಹಿಂದಿನ ಕೆಲವು ವರ್ಷಗಳ ಮಳೆಯ ನೀರು. ಯಾವ ಬಾವಿ ಸಿಹಿ, ಯಾವುದು ಸವಳು ಎಂದು ಗುರುತಿಸಿ, ಸಿಹಿಯದನ್ನು ಕುಡಿಯಲು, ಸವಳಿನದನ್ನು ಬಳಸಲು ಇಟ್ಟುಕೊಂಡ ಅವರ ವಿವೇಕ ದೊಡ್ಡದು. ಕೆರೆ ಹೂಳು ತುಂಬಿ, ಬಾವಿ ಬತ್ತಿ, ನೂರಾರು ಅಡಿ ಬೋರು ಕೊರೆದ ಮೇಲೆ ನಾವು ಕುಡಿಯುತ್ತಿರುವುದು ಕಲ್ಲಿನ ಸಂದಿಯಲ್ಲಿ ಬಹುಕಾಲ ಕೂತಿದ್ದ ನೀರು. ಫ್ಲೋರೈಡಿಗೆ ರುಚಿಯಿಲ್ಲ, ಬಣ್ಣವಿಲ್ಲ, ವಾಸನೆಯಿಲ್ಲ. ಸವಳನ್ನು ನಾಲಿಗೆ ಹೇಳುತ್ತದೆ, ಇದನ್ನು ಹೇಳಲಾರದು. ಆದ್ದರಿಂದ ಹಿರಿಯರ ಅನುಭವದ ಜಾಗದಲ್ಲಿ ಪರೀಕ್ಷೆ ಬರಲೇಬೇಕಾಗಿದೆ.

ಭಾರತೀಯ ಮಾನಕ ಬ್ಯೂರೋದ ಕುಡಿಯುವ ನೀರಿನ ಮಾನದಂಡ ಐಎಸ್ 10500. ಇದರ 2012ರ ಆವೃತ್ತಿಯ ಪ್ರಕಾರ ಒಂದು ಲೀಟರ್ ನೀರಿನಲ್ಲಿ ಫ್ಲೋರೈಡ್ 1 ಮಿಲಿಗ್ರಾಂ ಮೀರಬಾರದು, ಬೇರೆ ಮೂಲವೇ ಇಲ್ಲದಿದ್ದರೆ ಮಾತ್ರ 1.5 ಮಿ.ಗ್ರಾಂ ತನಕ ಸಹಿಸಬಹುದು. ವಿಶ್ವ ಆರೋಗ್ಯ ಸಂಸ್ಥೆಯ ಮಿತಿಯೂ 1.5. ನೈಟ್ರೇಟ್ 45 ಮಿ.ಗ್ರಾಂ ಮೀರಬಾರದು, ಇದಕ್ಕೆ ವಿನಾಯಿತಿಯೇ ಇಲ್ಲ. ಕರಗಿದ ಒಟ್ಟು ಲವಣ, ಅಂದರೆ ಟಿಡಿಎಸ್, 500ರೊಳಗಿರುವುದು ಒಳಿತು, ಅನಿವಾರ್ಯವಾದರೆ 2000ದ ತನಕ. ಗಡಸುತನ 200, ಅನಿವಾರ್ಯವಾದರೆ 600. ಇ-ಕೋಲಿ ಎಂಬ ಮಲಮೂಲದ ಬ್ಯಾಕ್ಟೀರಿಯಾ 100 ಮಿಲಿಲೀಟರಿನಲ್ಲಿ ಒಂದೂ ಇರಕೂಡದು. ಈ ಅಂಕಿಗಳ ಹಿಂದೆ ಮನುಷ್ಯರ ದೇಹವಿದೆ. ಮಗುವಿಗೆ ಸುಮಾರು ಎಂಟು ವರ್ಷ ತುಂಬುವ ತನಕ ಕಾಯಂ ಹಲ್ಲುಗಳ ಹೊರಕವಚ ದವಡೆಯೊಳಗೆ ಕಟ್ಟಿಕೊಳ್ಳುತ್ತಿರುತ್ತದೆ. ಆ ಕಾಲದಲ್ಲಿ ಫ್ಲೋರೈಡ್ ಹೆಚ್ಚಾದರೆ ಹಲ್ಲಿನ ಮೇಲೆ ಮೊದಲು ಸುಣ್ಣದಂಥ ಬಿಳಿ ಮಚ್ಚೆ, ಆಮೇಲೆ ಕಂದು ಗೆರೆ ಮೂಡುತ್ತವೆ. ಲೀಟರಿಗೆ 3ರಿಂದ 6 ಮಿ.ಗ್ರಾಂ ಇರುವ ನೀರನ್ನು ವರ್ಷಾನುಗಟ್ಟಲೆ ಕುಡಿದರೆ ಎಲುಬಿಗೂ ಹಾನಿ ತಗಲುತ್ತದೆ. ಕುತ್ತಿಗೆ, ಸೊಂಟ, ಮೊಣಕಾಲು ಬಿಗಿಯುತ್ತವೆ. ಕಲೆ ಬಿದ್ದ ಹಲ್ಲನ್ನೂ ಬಿಗಿದ ಎಲುಬನ್ನೂ ಯಾವ ಫಿಲ್ಟರೂ ಸರಿಪಡಿಸಲಾರದು. ಫಿಲ್ಟರಿನಿಂದ ಆಗುವುದು ತಡೆ ಮಾತ್ರ, ಆ ತಡೆಗೂ ವಯಸ್ಸಿನ ಗಡುವಿದೆ.

ಮನೆ ಬಾಗಿಲಿಗೆ ಬರುವ ಮಾರಾಟಗಾರರು ಸಾಮಾನ್ಯವಾಗಿ ಎರಡು ಪ್ರಯೋಗ ತೋರಿಸುತ್ತಾರೆ. ಮೊದಲನೆಯದು ಪೆನ್ನಿನಂಥ ಟಿಡಿಎಸ್ ಮೀಟರ್. ಅದನ್ನು ಲೋಟದಲ್ಲಿ ಅದ್ದಿ, 800 ಎಂದು ಬಂದರೆ ‘ನಿಮ್ಮ ನೀರು ವಿಷ’ ಎನ್ನುತ್ತಾರೆ. ಆ ಮೀಟರು ಅಳೆಯುವುದು ನೀರಿನಲ್ಲಿ ವಿದ್ಯುತ್ ಎಷ್ಟು ಸರಾಗವಾಗಿ ಹರಿಯುತ್ತದೆ ಎಂಬುದನ್ನು. ಅದರಿಂದ ಲವಣದ ಒಟ್ಟು ಅಂದಾಜು ಸಿಗುತ್ತದೆ. 800 ಮಿ.ಗ್ರಾಂ ಲವಣದೊಳಗೆ ಫ್ಲೋರೈಡ್ ಅರ್ಧ ಮಿ.ಗ್ರಾಂ ಇದೆಯೋ ಮೂರು ಇದೆಯೋ ಅದಕ್ಕೆ ತಿಳಿಯದು, ಬ್ಯಾಕ್ಟೀರಿಯಾವಂತೂ ಕಾಣುವುದೇ ಇಲ್ಲ. ಎರಡನೆಯ ಪ್ರಯೋಗ ಇನ್ನೂ ಬೆದರಿಸುವಂಥದ್ದು. ಎರಡು ಲೋಟ ಇಟ್ಟು, ಒಂದರಲ್ಲಿ ನಮ್ಮ ನೀರು, ಇನ್ನೊಂದರಲ್ಲಿ ಆರ್‌ಒ ನೀರು ಹಾಕಿ, ಲೋಹದ ಸರಳುಗಳಿರುವ ಸಾಧನವನ್ನು ಇಳಿಬಿಟ್ಟು ಕರೆಂಟು ಕೊಡುತ್ತಾರೆ. ನಿಮಿಷದಲ್ಲಿ ನಮ್ಮ ನೀರು ಕಂದುಹಸಿರಾಗಿ ಕದಡುತ್ತದೆ, ಆರ್‌ಒ ನೀರು ತಿಳಿಯಾಗಿಯೇ ಉಳಿಯುತ್ತದೆ. ಆ ಕಂದು ರಾಡಿ ನೀರಿನಲ್ಲಿದ್ದದ್ದಲ್ಲ, ಕಬ್ಬಿಣದ ಸರಳು ಸವೆದು ಬಿಟ್ಟದ್ದು. ಲವಣವಿರುವ ನೀರಿನಲ್ಲಿ ವಿದ್ಯುತ್ ಹರಿದು ಕಬ್ಬಿಣ ಕರಗುತ್ತದೆ. ಲವಣ ತೆಗೆದ ನೀರಿನಲ್ಲಿ ವಿದ್ಯುತ್ ಹರಿಯುವುದೇ ಕಡಿಮೆ, ಹಾಗಾಗಿ ಏನೂ ಆಗುವುದಿಲ್ಲ. ಒಳ್ಳೆಯ ಬಾವಿಯ ನೀರಿಗೂ ಇದೇ ಗತಿಯಾದೀತು. ನೀರಿನ ಗುಣದೋಷಕ್ಕೂ ಈ ಪ್ರದರ್ಶನಕ್ಕೂ ಸಂಬಂಧವಿಲ್ಲ.

ನಿಜವಾದ ಪರೀಕ್ಷೆ ಕಷ್ಟದ್ದೂ ಅಲ್ಲ, ದುಬಾರಿಯದೂ ಅಲ್ಲ. 2019ರ ಆಗಸ್ಟ್ 15ರಂದು ಘೋಷಣೆಯಾದ ಜಲಜೀವನ ಮಿಷನ್, ನಮ್ಮಲ್ಲಿ ‘ಮನೆ ಮನೆಗೆ ಗಂಗೆ’ ಎಂದು ಕರೆಯುವ ಯೋಜನೆ, ಪ್ರತಿ ಹಳ್ಳಿಯಲ್ಲಿ ಐವರು ಮಹಿಳೆಯರಿಗೆ ನೀರಿನ ಪರೀಕ್ಷೆಯ ತರಬೇತಿ ಕೊಡಬೇಕೆಂದು, ಪಂಚಾಯಿತಿಗೆ ಪರೀಕ್ಷಾ ಕಿಟ್ ಒದಗಿಸಬೇಕೆಂದು, ಸರ್ಕಾರಿ ಪ್ರಯೋಗಾಲಯಗಳು ಜನರ ನೀರನ್ನೂ ಅಲ್ಪ ಶುಲ್ಕಕ್ಕೆ ಪರೀಕ್ಷಿಸಿಕೊಡಬೇಕೆಂದು ಹೇಳುತ್ತದೆ. ಕಿಟ್‌ನ ಫ್ಲೋರೈಡ್ ಪರೀಕ್ಷೆಯಲ್ಲಿ ಸಣ್ಣ ಶೀಶೆಯ ನೀರಿಗೆ ಕೆಂಪು ದ್ರಾವಣದ ಹನಿ ಹಾಕುತ್ತಾರೆ. ಫ್ಲೋರೈಡ್ ಹೆಚ್ಚಿದಷ್ಟೂ ಕೆಂಪು ಹೋಗಿ ಹಳದಿಯತ್ತ ತಿರುಗುತ್ತದೆ, ಬಣ್ಣದ ಪಟ್ಟಿಗೆ ಹೋಲಿಸಿ ಅಂಕಿ ಓದುತ್ತಾರೆ. ಬ್ಯಾಕ್ಟೀರಿಯಾ ಪರೀಕ್ಷೆಯ ಶೀಶೆಗೆ ನೀರು ತುಂಬಿ ಒಂದೆರಡು ದಿನ ಬೆಚ್ಚಗಿಟ್ಟರೆ, ಕಲುಷಿತವಾಗಿದ್ದರೆ ನೀರು ಕಪ್ಪಾಗುತ್ತದೆ. ಕಿಟ್‌ನಲ್ಲಿ ಸಂಶಯ ಬಂದ ನೀರನ್ನು ಪ್ರಯೋಗಾಲಯಕ್ಕೆ ಕಳಿಸಬೇಕು. ಮಾದರಿ ತೆಗೆಯುವಾಗ ಬೋರನ್ನು ಕೆಲವು ನಿಮಿಷ ಓಡಿಸಿ, ಸ್ವಚ್ಛ ಪ್ಲಾಸ್ಟಿಕ್ ಬಾಟಲಿಯನ್ನು ಅದೇ ನೀರಿನಲ್ಲಿ ಮೂರು ಸಲ ತೊಳೆದು ತುಂಬಬೇಕು. ಬ್ಯಾಕ್ಟೀರಿಯಾ ಪರೀಕ್ಷೆಗೆ ಮಾತ್ರ ಪ್ರಯೋಗಾಲಯವೇ ಕೊಡುವ ಕ್ರಿಮಿರಹಿತ ಬಾಟಲಿ ಬೇಕು, ಅದನ್ನು ತೊಳೆಯಬಾರದು, ಅದೇ ದಿನ ತಂಪಾಗಿಟ್ಟು ತಲುಪಿಸಬೇಕು. ಬೇಸಿಗೆಯ ಕೊನೆಗೊಮ್ಮೆ, ಮಳೆಗಾಲ ಮುಗಿದ ಮೇಲೊಮ್ಮೆ ಪರೀಕ್ಷೆ ಮಾಡಿಸಿದರೆ ನೀರಿನ ಸ್ವಭಾವ ತಿಳಿಯುತ್ತದೆ.

ಚೀಟಿ ಕೈಗೆ ಬಂದ ಮೇಲೆ ಆಯ್ಕೆ ಸುಲಭ. ದೋಷ ರೋಗಾಣುವಿನದು ಮಾತ್ರವಾಗಿದ್ದರೆ, ಅಂದರೆ ಹೊಳೆಯ ನೀರಿನ ಬಹುತೇಕ ಮನೆಗಳಲ್ಲಿ, ಆರ್‌ಒ ಬೇಕಿಲ್ಲ. ಬಟ್ಟೆಯಲ್ಲಿ ಸೋಸಿ ಚೆನ್ನಾಗಿ ಮರಳುವ ತನಕ ಕಾಯಿಸಿದರೆ ಸಾಕು. ಕ್ಯಾಂಡಲ್ ಫಿಲ್ಟರು ರಾಡಿಯನ್ನೂ ಬಹಳಷ್ಟು ಬ್ಯಾಕ್ಟೀರಿಯಾವನ್ನೂ ತಡೆಯುತ್ತದೆ, ಅದರ ಕ್ಯಾಂಡಲನ್ನು ಆಗಾಗ ಮೆತ್ತಗೆ ಉಜ್ಜಿ ತೊಳೆದು, ಬಿರುಕು ಬಿಟ್ಟರೆ ಬದಲಿಸಬೇಕು. ಯುವಿ, ಅಂದರೆ ಅತಿನೇರಳೆ ಕಿರಣದ ಯಂತ್ರ ರೋಗಾಣುಗಳನ್ನು ಕೊಲ್ಲುತ್ತದೆ, ಆದರೆ ನೀರು ತಿಳಿಯಾಗಿರಬೇಕು, ಕರೆಂಟೂ ಇರಬೇಕು. ತಾಮ್ರದ ಕೊಡದ ಹಳೆಯ ರೂಢಿಗೂ ಆಧಾರವಿದೆ. ತಾಮ್ರದ ಪಾತ್ರೆಯಲ್ಲಿ 16 ಗಂಟೆ ನಿಂತ ನೀರಿನಲ್ಲಿ ಭೇದಿ ತರುವ ಬ್ಯಾಕ್ಟೀರಿಯಾ ನಾಶವಾದದ್ದನ್ನು ಬೆಂಗಳೂರಿನ ಸಂಶೋಧಕರು 2012ರಲ್ಲಿ ಪ್ರಕಟಿಸಿದ್ದಾರೆ. ಆದರೆ ಇವುಗಳಲ್ಲಿ ಒಂದೂ ಫ್ಲೋರೈಡನ್ನು ತೆಗೆಯಲಾರದು. ಕಾಯಿಸಿದರಂತೂ ನೀರು ಆವಿಯಾಗಿ ಫ್ಲೋರೈಡ್ ಉಳಿಯುತ್ತದೆ, ಸಾಂದ್ರತೆ ತುಸು ಏರುತ್ತದೆ. ಇದ್ದಲಿನ ಫಿಲ್ಟರು ವಾಸನೆ, ಕ್ಲೋರಿನ್ ತೆಗೆಯುತ್ತದೆ, ಫ್ಲೋರೈಡಿಗೆ ನಾಟುವುದಿಲ್ಲ.

ದೋಷ ಫ್ಲೋರೈಡಿನದಾಗಿದ್ದರೆ ಮನೆಯ ಮಟ್ಟದಲ್ಲಿ ಮೂರು ದಾರಿಗಳಿವೆ. ಒಂದು ನಲ್ಗೊಂಡ ವಿಧಾನ, ನಾಗಪುರದ ಪರಿಸರ ಸಂಶೋಧನಾ ಸಂಸ್ಥೆ ‘ನೀರಿ’ (NEERI) ರೂಪಿಸಿದ್ದು. ಪಟಕಾರ ಮತ್ತು ಸುಣ್ಣವನ್ನು ಲೆಕ್ಕದಂತೆ ಬೆರೆಸಿ, ಕಲಕಿ, ತಳಕ್ಕಿಳಿದ ಗಸಿಯನ್ನು ಬಿಟ್ಟು ಮೇಲಿನ ನೀರು ತೆಗೆಯುವುದು. ಖರ್ಚು ಕಡಿಮೆ, ಕರೆಂಟು ಬೇಡ. ಆದರೆ ಪಟಕಾರದ ಪ್ರಮಾಣ ಆಯಾ ನೀರಿನ ಕ್ಷಾರಗುಣಕ್ಕೆ ತಕ್ಕಂತೆ ಇರಬೇಕು, ಗಸಿಯನ್ನು ದಿನವೂ ಸರಿಯಾಗಿ ವಿಲೇವಾರಿ ಮಾಡಬೇಕು. ಎರಡನೆಯದು ಆ್ಯಕ್ಟಿವೇಟೆಡ್ ಅಲ್ಯುಮಿನಾ ಹರಳುಗಳ ಫಿಲ್ಟರು. ಇದು ಫ್ಲೋರೈಡನ್ನು ಹಿಡಿದಿಟ್ಟುಕೊಳ್ಳುತ್ತದೆ, ನಮ್ಮಂಥ ಕ್ಷಾರದ ನೀರಿನಲ್ಲಿ ಬೇಗ ದಣಿಯುತ್ತದೆ, ಆಗ ಹರಳುಗಳನ್ನು ರಾಸಾಯನಿಕದಿಂದ ಚೇತರಿಸಬೇಕು ಇಲ್ಲವೇ ಬದಲಿಸಬೇಕು. ಚೇತರಿಕೆಗೆ ಊರಲ್ಲಿ ವ್ಯವಸ್ಥೆಯಿದ್ದರೆ ಇದು ಒಳ್ಳೆಯದು. ಮೂರನೆಯದು ಆರ್‌ಒ. ಪಂಪಿನ ಒತ್ತಡದಿಂದ ನೀರನ್ನು ಅತಿ ಸೂಕ್ಷ್ಮ ಪೊರೆಯ ಮೂಲಕ ದಾಟಿಸಿದಾಗ ಫ್ಲೋರೈಡಿನ ಬಹುಪಾಲು, ನೈಟ್ರೇಟ್, ಗಡಸುತನ, ರೋಗಾಣು ಎಲ್ಲ ಹಿಂದುಳಿಯುತ್ತವೆ. ಫ್ಲೋರೈಡ್ ಮಿತಿ ಮೀರಿ, ನೀರು ಸವಳೂ ಆಗಿರುವ ಮನೆಗೆ ಇಂದು ಸಿಗುವ ಯಂತ್ರಗಳಲ್ಲಿ ಇದೇ ಯೋಗ್ಯ.

ಆರ್‌ಒ ಕೊಳ್ಳುವವರು ಒಂದು ಭಾಗವನ್ನು ತೆರೆದು ನೋಡಲೇಬೇಕು. ‘ಟಿಡಿಎಸ್ ಕಂಟ್ರೋಲರ್’ ಅಥವಾ ‘ಮಿನರಲ್ ಉಳಿಸುವ ತಂತ್ರ’ ಎಂದು ಮಾರುವ ಸಣ್ಣ ತಿರುಗಣೆ, ಪೊರೆ ದಾಟದ ಹಸಿ ನೀರನ್ನು ಶುದ್ಧ ನೀರಿಗೆ ಬೆರೆಸುತ್ತದೆ. ರುಚಿ ಬರುತ್ತದೆ, ಜೊತೆಗೆ ಫ್ಲೋರೈಡೂ ಬರುತ್ತದೆ. ಬೋರಿನ ನೀರಿನಲ್ಲಿ ಫ್ಲೋರೈಡ್ 3 ಮಿ.ಗ್ರಾಂ ಇದ್ದು, ಪೊರೆ ದಾಟಿದ್ದರಲ್ಲಿ 0.3 ಇದೆಯೆಂದುಕೊಳ್ಳೋಣ. ನೂರಕ್ಕೆ 30 ಭಾಗ ಹಸಿ ನೀರು ಬೆರೆತರೆ ಲೋಟದಲ್ಲಿರುವುದು ಸುಮಾರು 1.1 ಮಿ.ಗ್ರಾಂ. ಹತ್ತಾರು ಸಾವಿರ ಕೊಟ್ಟ ಮೇಲೂ ಮಾನದಂಡದ 1ರ ಗೆರೆ ದಾಟಿಯಾಯಿತು. ಫ್ಲೋರೈಡಿನ ಊರಿನಲ್ಲಿ ಈ ತಿರುಗಣೆಯನ್ನು ಪೂರ್ತಿ ಮುಚ್ಚಿಸಿಕೊಳ್ಳಬೇಕು, ಅಥವಾ ಅದಿಲ್ಲದ ಯಂತ್ರವನ್ನೇ ಕೊಳ್ಳಬೇಕು. ಹಾಗೆಯೇ ಹೊರಬೀಳುವ ನೀರಿನ ಲೆಕ್ಕ. ಮೂರು ಲೀಟರ್ ಒಳಗೆ ಹೋಗಿ ಒಂದು ಲೀಟರ್ ಶುದ್ಧವಾಗಿ ಬಂದರೆ, ಉಳಿದ ಎರಡು ಲೀಟರಿನಲ್ಲಿ ಫ್ಲೋರೈಡ್ ಲೀಟರಿಗೆ 3ರಿಂದ 4.35 ಮಿ.ಗ್ರಾಂನಷ್ಟಕ್ಕೆ ಏರಿರುತ್ತದೆ. ಅದನ್ನು ನೆಲ ಒರೆಸಲು, ಶೌಚಕ್ಕೆ ಬಳಸಿ. ಎತ್ತು, ಎಮ್ಮೆಗಳಿಗೆ ಕುಡಿಸಬೇಡಿ, ಜಾನುವಾರಿನ ಹಲ್ಲು ಎಲುಬುಗಳಿಗೂ ಫ್ಲೋರೈಡಿನ ಬಾಧೆ ತಪ್ಪಿದ್ದಲ್ಲ. ಗಡಸು ನೀರಿನಿಂದ ಪೊರೆಗೆ ಉಪ್ಪು ಕಟ್ಟುತ್ತದೆ, ಆದ್ದರಿಂದ ವರ್ಷಕ್ಕೊಮ್ಮೆಯಾದರೂ ಯಂತ್ರದಿಂದ ಹೊರಬಂದ ನೀರಿನ ಫ್ಲೋರೈಡನ್ನೂ ಪರೀಕ್ಷಿಸಬೇಕು. ಯಂತ್ರ ಓಡುತ್ತಿದೆ ಎಂದ ಮಾತ್ರಕ್ಕೆ ಅದು ಕೆಲಸ ಮಾಡುತ್ತಿದೆ ಎಂದಾಗುವುದಿಲ್ಲ.

ಆರ್‌ಒ ನೀರಿನಲ್ಲಿ ಸತ್ವವೇ ಉಳಿಯುವುದಿಲ್ಲ ಎಂಬ ಆಕ್ಷೇಪವನ್ನು ತಳ್ಳಿಹಾಕುವಂತಿಲ್ಲ. ಲವಣ ಪೂರ್ತಿ ತೆಗೆದ ನೀರಿನ ಬಗ್ಗೆ ವಿಶ್ವ ಆರೋಗ್ಯ ಸಂಸ್ಥೆ 2005ರಲ್ಲಿ ಪ್ರಕಟಿಸಿದ ಲೇಖನಗಳೇ ಎಚ್ಚರಿಕೆ ಹೇಳಿವೆ. 2019ರ ಮೇ ತಿಂಗಳಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯೂ, ಟಿಡಿಎಸ್ 500ಕ್ಕಿಂತ ಕಡಿಮೆ ಇರುವೆಡೆ ಆರ್‌ಒ ನಿಷೇಧಿಸುವಂತೆ ಪರಿಸರ ಸಚಿವಾಲಯಕ್ಕೆ ಹೇಳಿತು. ಹೊಳೆಯ ನೀರು ಬರುವ ಮನೆಯಲ್ಲಿ ಆರ್‌ಒ ಹಾಕಿ ಎರಡು ಪಾಲು ನೀರನ್ನು ಮೋರಿಗೆ ಬಿಡುವುದು ತಪ್ಪೆಂದೇ ನಾನೂ ಹೇಳುತ್ತೇನೆ. ಆದರೆ ಫ್ಲೋರೈಡ್ ಮಿತಿ ಮೀರಿದ ಬೋರಿನ ಮನೆಯಲ್ಲಿ ಲೆಕ್ಕವೇ ಬೇರೆ. ಕ್ಯಾಲ್ಸಿಯಂ ನಮಗೆ ಹಾಲು, ಮಜ್ಜಿಗೆ, ಎಳ್ಳು, ಸೊಪ್ಪಿನಿಂದ ಸಿಗುತ್ತದೆ, ಅದು ಫ್ಲೋರೈಡಿನ ಹೀರಿಕೆಯನ್ನೂ ತಗ್ಗಿಸುತ್ತದೆ. ನೀರಿನಲ್ಲಿ ಕಳೆದದ್ದನ್ನು ಊಟದಲ್ಲಿ ಪಡೆಯಬಹುದು, ಎಲುಬಿಗೆ ಸೇರಿದ ಫ್ಲೋರೈಡನ್ನು ಹಾಗೆ ಹಿಂದೆಗೆಯಲಾಗದು. ಇಲ್ಲೂ ತೀರ್ಪು ಕೊಡುವುದು ನೀರಿನ ದೋಷವೇ.

ಊರಲ್ಲೇ ಶುದ್ಧ ಕುಡಿಯುವ ನೀರಿನ ಘಟಕವಿರುವಾಗ ಮನೆಗೊಂದು ಯಂತ್ರವೇಕೆ ಎಂದು ಕೇಳುವವರಿದ್ದಾರೆ. ಗದಗಿನವರೇ ಆದ ಎಚ್.ಕೆ. ಪಾಟೀಲರು 2013ರ ನಂತರ ಗ್ರಾಮೀಣಾಭಿವೃದ್ಧಿ ಸಚಿವರಾಗಿದ್ದಾಗ ರಾಜ್ಯದ ಹಳ್ಳಿಗಳಲ್ಲಿ ಸಾವಿರಾರು ಸಂಖ್ಯೆಯಲ್ಲಿ ಎದ್ದ ಈ ಘಟಕಗಳು ದೊಡ್ಡ ಉಪಕಾರ ಮಾಡಿವೆ. ಘಟಕ ಚೆನ್ನಾಗಿ ನಡೆಯುತ್ತಿದ್ದು, ಅದರ ನೀರಿನ ಪರೀಕ್ಷಾ ಫಲಿತಾಂಶ ಗೋಡೆಯ ಮೇಲಿದ್ದರೆ, ಮನೆಗೆ ಆರ್‌ಒ ಕೊಳ್ಳುವ ಅಗತ್ಯವಿಲ್ಲವೆಂದೇ ಹೇಳಬೇಕು. ತೊಡಕಿರುವುದು ಬಳಕೆಯಲ್ಲಿ. ಕ್ಯಾನಿನ ನೀರನ್ನು ಕುಡಿಯಲು ಮಾತ್ರ ಇಟ್ಟುಕೊಂಡು, ಅನ್ನಕ್ಕೆ, ಬೇಳೆಗೆ, ಚಹಾಕ್ಕೆ, ರೊಟ್ಟಿಯ ಎಸರಿಗೆ ಬೋರಿನ ನೀರನ್ನೇ ಬಳಸುವುದು ರೂಢಿಯಾಗಿದೆ. ಫ್ಲೋರೈಡ್ 3 ಮಿ.ಗ್ರಾಂ ಇರುವ ಎರಡು ಲೀಟರ್ ನೀರಿನಲ್ಲಿ ಅನ್ನ ಬೇಯಿಸಿದರೆ, ಗಂಜಿ ಬಸಿಯದಿದ್ದಲ್ಲಿ ಅದರ 6 ಮಿ.ಗ್ರಾಂ ಅನ್ನದಲ್ಲೇ ಉಳಿಯುತ್ತದೆ. ಕುಡಿಯುವ ನೀರಿನಿಂದ ತಪ್ಪಿಸಿಕೊಂಡದ್ದು ಹೀಗೆ ತಟ್ಟೆಯ ದಾರಿಯಿಂದ ಒಳಬರುತ್ತದೆ. ಆದ್ದರಿಂದ ಶುದ್ಧ ನೀರಿನ ಲೆಕ್ಕ ಹಾಕುವಾಗ ಕುಡಿಯಲು ಮತ್ತು ಅಡುಗೆಗೆ ಸೇರಿಸಿ ತಲೆಗೆ ದಿನಕ್ಕೆ 5 ಲೀಟರ್ ಹಿಡಿಯಬೇಕು, ಸ್ನಾನಕ್ಕೆ, ಬಟ್ಟೆಗೆ, ಪಾತ್ರೆಗೆ ಬೋರಿನ ನೀರು ಸಾಕು. ಕ್ಯಾನಿನ ಇನ್ನೊಂದು ತೊಡಕು ಸ್ವಚ್ಛತೆಯದು. ಆರ್‌ಒ ನೀರಿನಲ್ಲಿ ಕ್ಲೋರಿನ್ ಉಳಿದಿರುವುದಿಲ್ಲ, ಕೊಳಕು ಕ್ಯಾನಿನಲ್ಲಿ ರೋಗಾಣು ಬೇಗ ಬೆಳೆಯುತ್ತದೆ. ಕ್ಯಾನನ್ನು ಆಗಾಗ ತಿಕ್ಕಿ ತೊಳೆದು, ಕೈ ಅದ್ದದ ಹಾಗೆ ನಲ್ಲಿಯಿರುವ ಪಾತ್ರೆಯಲ್ಲಿ ನೀರಿಡಬೇಕು.

ಯಂತ್ರಕ್ಕೆ ಹಣವಿಲ್ಲದ ಮನೆಯ ಗತಿ ಏನು ಎಂಬ ಪ್ರಶ್ನೆ ಎಲ್ಲಕ್ಕಿಂತ ಮುಖ್ಯ. ನಮ್ಮ ಜಿಲ್ಲೆಯ ವಾರ್ಷಿಕ ಮಳೆ ಸುಮಾರು 600 ಮಿಲಿಮೀಟರ್. 500 ಚದರ ಅಡಿಯ ಆರ್‌ಸಿಸಿ ಅಥವಾ ತಗಡಿನ ಚಾವಣಿಯಿಂದ, ನೂರಕ್ಕೆ ಎಂಬತ್ತು ಪಾಲು ಹಿಡಿದರೂ, ವರ್ಷಕ್ಕೆ ಸುಮಾರು 22,000 ಲೀಟರ್ ಸಿಗುತ್ತದೆ. ಐದು ಜನರ ಮನೆಗೆ ಕುಡಿಯಲು, ಅಡುಗೆಗೆ ವರ್ಷಕ್ಕೆ ಬೇಕಾದದ್ದು 9,125 ಲೀಟರ್. ಮಳೆ ನೀರಿನಲ್ಲಿ ಕಲ್ಲಿನ ಫ್ಲೋರೈಡ್ ಇಲ್ಲ. ಮೊದಲ ಮಳೆಯನ್ನು ಬಿಟ್ಟು, ಸೋಸಿ, ಮುಚ್ಚಿದ ತೊಟ್ಟಿಯಲ್ಲಿಟ್ಟು, ಕಾಯಿಸಿ ಕುಡಿದರೆ ಕರೆಂಟಿಲ್ಲದೆ, ಒಂದು ಲೀಟರೂ ಪೋಲಾಗದೆ ಕೆಲಸ ನಡೆಯುತ್ತದೆ. ಮಣ್ಣಿನ ಮಾಳಿಗೆಯ ಮನೆಗಳಿಗೆ ಇದು ಒಗ್ಗದು, ತೊಟ್ಟಿ ಕಟ್ಟಲು ಹಣವೂ ಬೇಕು. ಆದ್ದರಿಂದ ಶಾಲೆ, ಅಂಗನವಾಡಿ, ಸಮುದಾಯ ಭವನ, ಮಠಗಳ ದೊಡ್ಡ ಚಾವಣಿಗಳಿಂದ ಪಂಚಾಯಿತಿ ಇದನ್ನು ಆರಂಭಿಸಬೇಕು. ಎಂಟು ವರ್ಷದೊಳಗಿನ ಮಕ್ಕಳು ಹಗಲು ಹೊತ್ತು ಕಳೆಯುವುದೂ ಅಲ್ಲಿಯೇ.

ಫಿಲ್ಟರು ಕೊಂಡವರು ಸರ್ಕಾರದ ಹೊಣೆಯನ್ನು ತಮ್ಮ ತಲೆಗೆ ಕಟ್ಟಿಕೊಂಡಂತೆ ಆಗಬಾರದು. ಹೊಳೆಯ ನೀರು ಊರಿಗೆ ಬರುವುದಾದರೆ ಅದು ತಪ್ಪದೆ ಬರಬೇಕು, ನಳದ ಕೊನೆಯಲ್ಲೂ ಲೀಟರಿಗೆ 0.2 ಮಿ.ಗ್ರಾಂ ಕ್ಲೋರಿನ್ ಉಳಿದಿರಬೇಕು, ಹೊಳೆಯ ನೀರು ಕಡಿಮೆ ಬಿದ್ದ ದಿನ ಬೋರಿನ ನೀರು ಬೆರೆಸಿದ್ದರೆ ಅದನ್ನು ಜನರಿಗೆ ತಿಳಿಸಬೇಕು. ಮಳೆಯನ್ನು ನೆಲಕ್ಕಿಳಿಸುವ ಕಪ್ಪತಗುಡ್ಡದ ಕಾಡು ಉಳಿಯಬೇಕು. 2019ರಲ್ಲಿ ಅದು ವನ್ಯಜೀವಿ ಧಾಮವಾದದ್ದು ನಮ್ಮ ಬಾವಿಗಳ ಭವಿಷ್ಯದ ದೃಷ್ಟಿಯಿಂದಲೂ ಒಳ್ಳೆಯ ಸುದ್ದಿ. ಗ್ರಾಮಸಭೆಯಲ್ಲಿ ರಸ್ತೆ, ಚರಂಡಿಯ ಜೊತೆಗೆ ನೀರಿನ ಪರೀಕ್ಷೆಯ ಫಲಿತಾಂಶವನ್ನೂ ಓದಿ ಹೇಳಿರೆಂದು ಕೇಳುವುದು ನಮ್ಮ ಹಕ್ಕು.

ಸಭಿಕ ಬಂಧುಗಳೇ, ಇಷ್ಟನ್ನೂ ಮೂರು ಕೆಲಸಗಳಲ್ಲಿ ಹೇಳಿ ಮುಗಿಸುತ್ತೇನೆ. ನೀವು ಕುಡಿಯುವ ನೀರಿನ ಒಂದು ಬಾಟಲಿಯನ್ನು ಈ ತಿಂಗಳೊಳಗೆ ಪಂಚಾಯಿತಿಗೋ ಪ್ರಯೋಗಾಲಯಕ್ಕೋ ಕೊಟ್ಟು ಫ್ಲೋರೈಡ್, ನೈಟ್ರೇಟ್, ಬ್ಯಾಕ್ಟೀರಿಯಾ ಮೂರನ್ನೂ ಪರೀಕ್ಷೆ ಮಾಡಿಸಿ. ಫ್ಲೋರೈಡ್ 1 ಮಿ.ಗ್ರಾಂನೊಳಗಿದ್ದು ನೈಟ್ರೇಟೂ ಮಿತಿಯಲ್ಲಿದ್ದರೆ, ಕಾಯಿಸಿದ ನೀರು ಅಥವಾ ಕ್ಯಾಂಡಲ್ ಫಿಲ್ಟರು ಸಾಕು, ಹಣ ಉಳಿಸಿ. ಮಿತಿ ಮೀರಿದ್ದರೆ ಘಟಕದ ನೀರೋ, ಮಳೆಯ ನೀರೋ, ಹಸಿ ನೀರು ಬೆರೆಸದ ಆರ್‌ಒ ನೀರೋ ನಿಮಗೆ ಎಟುಕಿದ್ದನ್ನು ಆರಿಸಿ, ಅಡುಗೆಗೂ ಅದನ್ನೇ ಬಳಸಿ, ಎಲ್ಲರಿಗಿಂತ ಮೊದಲು ಮನೆಯ ಸಣ್ಣ ಮಕ್ಕಳಿಗೆ ಕೊಡಿ.